ಒಣಗುಂಡಿಯ ನೀಲಿ ಉರಿ

ಕಂತು ಏಳು

ಎಪ್ಪತ್ತಾರನೆಯ ಇಸವಿಯ ಮಾಘ ಮಾಸ. ಕರಜಗಿಯ ಎರೆ ಹೊಲಗಳಲ್ಲಿ ಬಿಳಿಜೋಳ ಕೀಳುವ ಕೆಲಸ ನಡೆದಿತ್ತು. ಬಿಸಿಲೇರಿದರೆ ನೆಲ ಬಿಗಿಯುತ್ತದೆ, ಬೇರು ಬಿಡುವುದಿಲ್ಲ. ಅದಕ್ಕೇ ಹೆಂಗಸರು ಇಬ್ಬನಿ ಇರುವಾಗಲೇ ಸಾಲು ಹಿಡಿದಿದ್ದರು. ಬಗ್ಗುವುದು, ದಂಟನ್ನು ಬುಡಕ್ಕೆ ಹಿಡಿದು ಜಗ್ಗುವುದು, ಬೇರಿನ ಮಣ್ಣನ್ನು ಮೊಣಕಾಲಿಗೆ ಬಡಿದು ಕೊಡವುವುದು, ಬಲಕ್ಕೆ ಮಲಗಿಸುವುದು. ಹೊಲದ ಈ ತುದಿಯಿಂದ ಆ ತುದಿಯವರೆಗೆ ಬೇರು ಕಿತ್ತು ಬರುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಹೊಲ ಸೋಲಾಪುರದ ಅಡತಿ ವ್ಯಾಪಾರಿ ಶಾಂತಲಿಂಗಪ್ಪನದು. ಬದುವಿನ ಮೇಲೆ ನಿಂತವನು ಸಾತಪ್ಪ ಬನಸೋಡೆ. ಹೆಗಲಲ್ಲಿ ಚೀಲ, ಕೈಯಲ್ಲಿ ಹತ್ತಡಿಯ ಬಿದಿರು ಗಳ. ಸೋಲಾಪುರದ ಒಂದು ಕಚೇರಿಯಲ್ಲಿ ಅವನಿಗೆ ಲೆಕ್ಕದ ನೌಕರಿ. ಸರಕಾರ ಕೊಟ್ಟ ಸಹಾಯಧನದಿಂದ ಊರಲ್ಲಿ ಏನಾಯಿತೆಂದು ಅಳೆದು ಬರೆದು ತರುವುದು ಕೆಲಸ.

ಮೂರು ವಾರದ ಹಿಂದೆ ಇದೇ ಹೊಲದಂಚಿನ ತೋಟದ ಗೋಬರ್ ಗ್ಯಾಸಿನ ಗುಂಡಿಯಲ್ಲಿ ಖಂಡೆಪ್ಪ ಗೌಂಡಿಯ ಹೆಣ ಸಿಕ್ಕಿತ್ತು. ಗ್ಯಾಸು ಉಸಿರು ಕಟ್ಟಿಸಿ ಕೊಂದಿತೆಂದು ಬರೆದು ಫೌಜದಾರ ಕೈ ತೊಳೆದುಕೊಂಡಿದ್ದ.

ಆ ಗುಂಡಿ ಕಟ್ಟಿದವನೂ ಖಂಡೆಪ್ಪನೇ. ಅವನ ಹೆಂಡತಿ ರಖಮಾಬಾಯಿ ಈಗ ಮೂರನೆಯ ಸಾಲಿನಲ್ಲಿ ಜೋಳ ಕೀಳುತ್ತಿದ್ದಳು.

"ವೈನಿ, ಥೋಡೆ ನಿಲ್ಲು," ಎಂದ ಸಾತಪ್ಪ.

"ನಿಂತ್ರ ಸಾಲು ಹಿಂದ ಬೀಳ್ತದ, ಕಾರಭಾರಿ ರಾಚಪ್ಪ ಕೂಲಿ ಜೋಳದ ಸೂಡು ಕಡಿಮಿ ಮಾಡ್ತಾನ. ನೀನ ಜೋಡಿ ನಡಕೋತ ಕೇಳು."

ಸಾತಪ್ಪ ಚಪ್ಪಲಿ ಕೈಗೆತ್ತಿಕೊಂಡು ಹೊಲಕ್ಕಿಳಿದ. ಅವನೂ ಇದೇ ಊರಿನವನು, ಖಂಡೆಪ್ಪನ ಓಣಿಯವನೇ. ಅಕ್ಕಲಕೋಟೆಯ ಹೈಸ್ಕೂಲಿಗೆ ಹೋಗುವಾಗ ಮೂರು ವರ್ಷ ಎಸ್‌ಟಿ ಬಸ್ಸಿನ ಪಾಸು ತೆಗೆಸಿಕೊಟ್ಟವನು ಖಂಡೆಪ್ಪ. ಮೊದಲ ಪಗಾರದಲ್ಲಿ ಸಾತಪ್ಪ ಆ ಹಣ ಹಿಂದಿರುಗಿಸಲು ಹೋದಾಗ ಅವನು ನಕ್ಕು ಬಿಟ್ಟಿದ್ದ: "ಇರ್ಲಿ ತಗೀ. ನನಗ ಬೇಕಾದ ದಿನ ಕೇಳ್ತೀನಿ." ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಆವತ್ತ ಮಣ್ಣಿಗೆ ಒಯ್ಯೋ ಮುಂದ ಅಣ್ಣಗ ನೀರು ಹಾಕಿದವರು ಯಾರು?"

"ಯಾರು ಹಾಕ್ತಾರ? ನಾನ ಹಾಕ್ದೆ."

"ಮೈಮ್ಯಾಲ ಏನಿತ್ತು?"

"ಏನಿರ್ತದ ಗೌಂಡಿ ಮೈಮ್ಯಾಲ. ಸಿಮೀಟು. ತಲಿಯೊಳಗ ಮುರುಮು ಮಣ್ಣಿನ ಪುಡಿ. ಒಣಾ ಪುಡಿ, ಕೈ ಆಡಿಸಿದ್ರ ಉದುರತಿತ್ತು. ನೀರು ಬೆಳ್ಳಗ ಹರೀತು."

"ಸಗಣಿ ಇದ್ದಿಲ್ಲೇನು?"

ರಖಮಾಬಾಯಿಯ ಕೈ ಮೊದಲ ಸಲ ದಂಟಿನ ಮೇಲೆ ನಿಂತಿತು.

"ಸಗಣಿ? ಹುಟ್ಟಿದಾಗಿಂದ ಕುಳ್ಳ ಬಡದ ಕೈ ಇವು, ಸಾತಪ್ಪಾ. ಬೆರಳಿನಷ್ಟ ಸಗಣಿ ಹತ್ತಿದ್ರ ನನಗ ಗೊತ್ತಾಗೂದಿಲ್ಲೇನು? ಇದ್ದಿಲ್ಲ. ಕೂದಲದಾಗ ಇದ್ದಿಲ್ಲ, ಉಗುರಿನ್ಯಾಗ ಇದ್ದಿಲ್ಲ."

"ಫೌಜದಾರಗ ಹೇಳಬೇಕಿತ್ತಲ್ಲ?"

"ಕೇಳಿದ್ರ ಹೇಳ್ತಿದ್ದೆ. ಅಂವ ನನ್ನ ಹೆಬ್ಬಟ್ಟು ಕೇಳ್ದ, ಮಾತು ಕೇಳಲಿಲ್ಲ."

ಅವಳು ಮತ್ತೆ ಜಗ್ಗತೊಡಗಿದಳು. ಎರಡು ಹೆಜ್ಜೆ ಹೋದ ಮೇಲೆ ತಾನಾಗಿಯೇ ಅಂದಳು:

"ನಿಮ್ಮ ಸರಕಾರದ ಗ್ಯಾಸು ಬಂದು ನಮಗೇನಾತು ಅಂತ ಅದನ್ನೂ ಬರ್ಕೋ. ಮೊದಲ ಈ ಸಾವಕಾರನ ದನದ ಹಿಂದ ಹೋಗಿ ಬಿದ್ದ ಸಗಣಿ ಆರಸ್ತಿದ್ವಿ, ಒಲಿ ಉರೀತಿತ್ತು. ಈಗ ರಾಚಪ್ಪ ಬುಟ್ಟಿ ಕಸಕೋತಾನ. ಇದು ಸರಕಾರಿ ಸಗಣಿ ಅದ, ಮುಟ್ಟಬ್ಯಾಡ್ರಿ ಅಂತಾನ. ಜಾಲಿ ಕಟ್ಟಿಗಿಗೆ ಎರಡು ಮೈಲಿ ನಡೀತೀವಿ."

ಸಾತಪ್ಪ ಚೀಲದಿಂದ ಫಾರ್ಮು ತೆಗೆದ. ಮಂಜೂರಾದ ಸಹಾಯಧನ ಎಷ್ಟು, ಡ್ರಮ್ಮಿನ ಅಳತೆ ಎಷ್ಟು, ದನ ಎಷ್ಟು, ಜ್ವಾಲೆಯ ಬಣ್ಣ ಏನು. ಎಲ್ಲದಕ್ಕೂ ಕಾಲಂ ಇತ್ತು. ಎರಡು ಮೈಲಿ ನಡೆಯುವ ಹೆಂಗಸಿಗೆ ಕಾಲಂ ಇರಲಿಲ್ಲ. ಸರಕಾರಕ್ಕೆ ತಾನು ಕೊಟ್ಟದ್ದನ್ನು ಎಣಿಸುವುದು ಬರುತ್ತಿತ್ತು. ಕೊಟ್ಟದ್ದು ಯಾರ ಒಲೆಯಲ್ಲಿ ಉರಿಯಿತು, ಯಾರ ಒಲೆ ಆರಿಸಿತು ಎಂಬುದು ಅದಕ್ಕೆ ಬೇಡವಾಗಿತ್ತು. ಅವನು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದುಕೊಂಡ.

"ನನ್ನ ಗಂಡ ಮೂವತ್ತೊಂದು ಗುಂಡಿ ತೋಡಿ ಕಟ್ಯಾನ ಈ ತಾಲೂಕಿನ್ಯಾಗ," ಎಂದಳು ರಖಮಾಬಾಯಿ. "ಮ್ಯಾಲ ಮುಚ್ಚೂ ಡ್ರಮ್ಮು ಮಾತ್ರ ಒಂದ ಇತ್ತಂತ. ಟ್ರ್ಯಾಕ್ಟರಿನ ಮ್ಯಾಲ ಊರೂರು ತಿರಗತಿತ್ತಂತ, ದೇವರ ಪಲ್ಲಕ್ಕಿ ಗತೆ. ಸಾಹೇಬರು ಬರ್ತಾರ, ಹಾರ ಹಾಕಸ್ಕೋತಾರ, ಫೋಟೋ ಹೊಡೀತಾರ. ಮರುದಿನ ಡ್ರಮ್ಮು ಮುಂದಿನ ಊರಿಗೆ. ಗಪ್ ಇರು ಅಂತ ಎಷ್ಟು ಸಲ ಹೇಳ್ದೆ ಅವಗ. ಇರಲಿಲ್ಲ."

ಸಾತಪ್ಪನಿಗೆ ಕಚೇರಿಯ ನೆನಪಾಯಿತು. ನವೆಂಬರಿನ ಒಂದು ಮಧ್ಯಾಹ್ನ, ಗುರಿ ಮುಟ್ಟಲೇಬೇಕೆಂದು ಮೇಲಿನಿಂದ ತಾಕೀತು ಬಂದಾಗ, ಹೆಡ್ ಸಾಹೇಬ ಅಣ್ಣಾರಾಯ ಎಲ್ಲರ ಮೇಜಿನ ಮೇಲೂ ಒಂದೊಂದು ಕಟ್ಟು ಕಾಗದ ಇಟ್ಟಿದ್ದ. "ನೋಡೂದು ಬ್ಯಾಡ, ಮಾಡ್ರಿ." ಎಲ್ಲರೂ ಸಹಿ ಮಾಡಿದ್ದರು. ತನ್ನದು ಬೋರಾಮಣಿ ಕಡೆಯ ಊರುಗಳ ಕಟ್ಟು ಎಂದು ಸಾತಪ್ಪನೂ ಚಹಾ ಆರುವುದರೊಳಗೆ ಮಾಡಿ ಮುಗಿಸಿದ್ದ. ಅಂದಿನಿಂದ ಆ ಕಚೇರಿಯ ಬಗ್ಗೆ ಅವನಿಗೆ ಹೇಸಿಕೆ. ಆ ಹೇಸಿಕೆಯಲ್ಲಿ ತನ್ನ ಪಾಲು ಎಷ್ಟೆಂದು ಅವನು ಅಳೆದಿರಲಿಲ್ಲ.

ತೋಟದ ಮನೆ ಹೊಲದ ಆಚೆ ಬದಿಗಿತ್ತು. ಮುಂದೆ ಬೇವಿನ ಮರ, ಸುತ್ತ ಕಟ್ಟೆ. ಪಕ್ಕದಲ್ಲಿ ಗುಂಡಿ. ಇಟ್ಟಿಗೆಯಿಂದ ಕಟ್ಟಿದ ಹನ್ನೆರಡಡಿ ಆಳದ ಬಾವಿ ಅದು. ಸಗಣಿ ನೀರು ಕಲಸಿ ಅದರೊಳಗೆ ತುಂಬಬೇಕು, ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಬೇಕು. ಒಳಗೆ ಗ್ಯಾಸು ಹುಟ್ಟಿದರೆ ಡ್ರಮ್ಮು ಮೇಲೇಳುತ್ತದೆ, ಗ್ಯಾಸು ಕೊಳವೆಯಲ್ಲಿ ಅಡಿಗೆಮನೆಗೆ ಹೋಗುತ್ತದೆ. ಸಗಣಿಯಿಂದ ಅಡಿಗೆ, ಸೀಮೆಎಣ್ಣೆ ಉಳಿತಾಯ, ದೇಶಕ್ಕೆ ಉದ್ಧಾರ. ಹಾಗಂತ ಸೋಲಾಪುರದ ಗೋಡೆಗಳ ಮೇಲೆ ಬರೆದಿತ್ತು.

ಇಲ್ಲಿಯ ಡ್ರಮ್ಮು ನೆಲಕಚ್ಚಿ ಕೂತಿತ್ತು. ದನದ ಕೊಟ್ಟಿಗೆಯ ಹಿಂದಿನ ಗೋಡೆಯ ತುಂಬ ಸಾಲು ಸಾಲು ಸಗಣಿಯ ಕುಳ್ಳು. ಸರಕಾರಿ ಸಗಣಿ ಎಲ್ಲಿಗೆ ಹೋಗುತ್ತಿತ್ತೆಂದು ಆ ಗೋಡೆಯೇ ಹೇಳುತ್ತಿತ್ತು.

ಸಾತಪ್ಪ ಹಿಂಬಾಗಿಲಿಗೆ ಹೋದ. ಒಳಗೆ ಅಡಿಗೆಯ ಕಸ್ತೂರಬಾಯಿ ಹೂರಣ ರುಬ್ಬುತ್ತಿದ್ದಳು. ಕಟ್ಟಿಗೆ ಒಲೆಯ ಹೊಗೆ ಬಾಗಿಲವರೆಗೆ ಬರುತ್ತಿತ್ತು.

"ಏನ್ರಿ ಬಾಯಿ, ಹೋಳಿಗಿ?"

"ಹೌದ್ರಿ. ಸೋಲಾಪುರದಿಂದ ಸಾಹೇಬರು ಊಟಕ್ಕ ಬರಾವ್ರು ಇದ್ದಾರ."

"ನಾನೂ ಸೋಲಾಪುರದಿಂದನ ಬಂದೀನಿ."

ಅವಳು ಅವನ ಕಾಲಿನಿಂದ ತಲೆಯವರೆಗೆ ನೋಡಿದಳು. "ನೀವಲ್ಲರಿ. ದೊಡ್ಡವರು."

"ಗ್ಯಾಸಿನ ಒಲಿ ಅಳೀಬೇಕಾಗ್ಯದ. ಒಳಗ ಬರ್ಲೇನು?"

ರುಬ್ಬುವ ಕೈ ಗಕ್ಕನೆ ನಿಂತಿತು. ಕಸ್ತೂರಬಾಯಿ ಕೆಟ್ಟವಳಲ್ಲ. ಆದರೆ ಯಾರು ಯಾವ ಹೊಸ್ತಿಲು ದಾಟಬಾರದೆಂಬುದು ಅವಳಿಗೆ ಕೈಯ ಕೆಲಸದಷ್ಟೇ ರೂಢಿಯಾಗಿತ್ತು.

"ಬ್ಯಾಡ್ರಿ, ಬ್ಯಾಡ್ರಿ! ದೇವರ ಹೋಳಿಗಿ ಅದಾವ. ನಿಂದರ್ರಿ, ಒಲಿ ನಾನ ತರ್ತೀನಿ."

ಗೂಡಿನಲ್ಲಿದ್ದ ಒಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಹೊಸ್ತಿಲ ಹೊರಗೆ ಇಟ್ಟಳು.

ಸಾತಪ್ಪ ಒಲೆ ನೋಡಿದ. ಆಮೇಲೆ ಅವಳನ್ನು ನೋಡಿದ. ಕೊಳವೆಗೆ ಜೋಡಿಸಿದ ಗ್ಯಾಸಿನ ಒಲೆಯನ್ನು ಯಾರೂ ಹೀಗೆ ಹಾಲಿನ ಪಾತ್ರೆಯಂತೆ ಎತ್ತಿ ತರಲಾರರು. ಅದಕ್ಕೆ ಕೊಳವೆಯೇ ಇರಲಿಲ್ಲ. ಅವನನ್ನು ಅಡಿಗೆಮನೆಯ ಹೊರಗಿಡುವ ಅವಸರದಲ್ಲಿ ಅವಳು ಸಾಕ್ಷಿಯನ್ನೇ ಅವನ ಕಾಲ ಬಳಿ ತಂದಿಟ್ಟಿದ್ದಳು.

ಕುಕ್ಕರಗಾಲಲ್ಲಿ ಕೂತು ಅವನು ಟೇಪು ಹಿಡಿದ. ಒಲೆಯ ಮೈಮೇಲೆ ಮೂರೆಳೆ ವಿಭೂತಿ, ಬೆರಳ ಗುರುತಿನ ಸಮೇತ ಹಾಗೇ ಇತ್ತು. ಉರಿ ಬರಬೇಕಾದ ತೂತುಗಳಲ್ಲಿ ಒಣಗಿ ಮುರುಟಿದ ಚೆಂಡುಹೂವಿನ ಎಸಳು.

"ಪೂಜಿ ಯಾವಾಗ ಮಾಡಿದ್ರಿ ಇದಕ್ಕ?"

"ದಸರೆ ಖಂಡೇನವಮಿಗ್ರಿ. ಎಲ್ಲಾ ಕಬ್ಬಣಕ್ಕೂ ಮಾಡ್ತೀವಲ್ಲ. ಕುಡಗೋಲು, ನೇಗಿಲದ ಕುಳ, ಇದು."

"ಆಮ್ಯಾಲ ಹಚ್ಚಲಿಲ್ಲೇನು?"

"ಏನು ಹಚ್ಚೂದು?" ಎಂದಳು ಕಸ್ತೂರಬಾಯಿ, ಅವನ ತಿಳಿಗೇಡಿತನಕ್ಕೆ ಬೆರಗಾಗಿ.

ಸಾತಪ್ಪ ಎರಡು ಎಸಳು ತೆಗೆದು ಕಾಗದದಲ್ಲಿ ಮಡಿಸಿಟ್ಟುಕೊಂಡ.

ಗುಂಡಿಯ ಬಳಿ ಕಂಬಳಿ ಹೊದ್ದ ಮುದುಕನೊಬ್ಬ ಕಾಯುತ್ತಿದ್ದ. ಕುರಿಗಾರ ಗೊಲ್ಲಾಳಪ್ಪ. ಸಾವಕಾರನಿಂದ ಜೋಳ ಬರಬೇಕಿತ್ತು, ಕೇಳಲು ಬಂದಿದ್ದು ಇದು ನಾಲ್ಕನೆಯ ಸಲವಂತೆ. ಸಾತಪ್ಪ ಡ್ರಮ್ಮಿನ ಸಂದಿಯಲ್ಲಿ ಗಳ ಇಳಿಸಿ, ತಿರುವಿ, ಮೇಲೆತ್ತಿದ. ತುದಿಗೆ ಹತ್ತಿ ಬಂದದ್ದು ಸಗಣಿಯಲ್ಲ. ಕರಿ ಮಣಿಯಂಥ ಕುರಿಹಿಕ್ಕೆ, ಕಲೆತೂ ಇರಲಿಲ್ಲ, ಕೊಳೆತೂ ಇರಲಿಲ್ಲ.

"ನಮ್ಮ ಕುರಿಯವು," ಎಂದ ಗೊಲ್ಲಾಳಪ್ಪ, ಮಕ್ಕಳ ಗುರುತು ಹಿಡಿದವನಂತೆ.

ಬೇವಿನ ಕೆಳಗೆ ಹೊರಸಿನ ಮೇಲೆ ಶಾಂತಲಿಂಗಪ್ಪ ಕೂತಿದ್ದ. ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆ, ಬಾಯಲ್ಲಿ ಎಲೆ. ತಾಲೂಕಿನ ಮೂವತ್ತೊಂದು ಸ್ಥಾವರಗಳಿಗೂ ಡ್ರಮ್ಮು ಪೂರೈಸಿದವನು ಅವನೇ. ಮೊದಲ ಫಲಾನುಭವಿಯೂ ಅವನೇ. ಹಿಂದೆ ನಿಂತವನು ತೋಟದ ಕಾರಭಾರಿ ರಾಚಪ್ಪ.

"ಯಾ, ಬಸಾ ಬನಸೋಡೆ ಸಾಹೇಬ," ಎಂದ ಸಾವಕಾರ. ಕೂರಲು ಏನನ್ನೂ ತೋರಿಸಲಿಲ್ಲ.

ಸಾತಪ್ಪ ಬೇವಿನ ಕಟ್ಟೆಯ ಮೇಲೆ ಕೂತ. ರಾಚಪ್ಪನ ಹುಬ್ಬು ಏರಿತು.

"ಆತೇನ್ರಿ ಅಳತಿ? ಸರಕಾರನೂ ಶಾಣ್ಯಾ ಅದ ಬಿಡ್ರಿ. ಇಷ್ಟು ಕಲಿಸಿ, ಮ್ಯಾಟ್ರಿಕ್ ಮಾಡಿಸಿ, ಕಡಿಗೆ ನಿಮಗ ಸಗಣಿ ಅಳಿಯೋ ನೌಕರಿ ಕೊಡ್ತು."

ರಾಚಪ್ಪ ನಕ್ಕ. ನಗುವುದೂ ಅವನ ಪಗಾರದಲ್ಲಿ ಸೇರಿತ್ತು.

"ಸಗಣಿ ಇದ್ರ ಅಳೀತಿದ್ದೆ, ಸಾವಕಾರ್ರ. ಇಲ್ಲಿ ಬರೇ ಹಿಕ್ಕಿ ಅದ."

ಎಲೆ ಜಗಿಯುವ ದವಡೆ ಒಂದು ಗಳಿಗೆ ತಡೆದು ಮತ್ತೆ ಜಗಿಯಿತು.

"ಹಿಕ್ಕಿನೂ ದನದ್ದ. ಎಲ್ಲಾ ಒಂದ."

"ಒಂದ್ ಮಾತು ಹೇಳ್ರಿ. ಖಂಡೆಪ್ಪ ಸತ್ತ ದಿನ ಗುಂಡಿಯೊಳಗ ಗ್ಯಾಸ್ ಇತ್ತೋ, ಇದ್ದಿಲ್ಲೋ?"

"ಇತ್ತು. ದಸರೆಯಿಂದ ಅದ. ದಿನಾ ಎರಡು ಹೊತ್ತಿನ ಅಡಿಗಿ ಅದರ ಮ್ಯಾಲ. ಆ ಗೌಂಡಿ ಕುಡದು ಇಣಕಿದ, ಬಿದ್ದ, ಗ್ಯಾಸ್ ಕುಡದು ಸತ್ತ. ಕಾಗದ ಆಗ್ಯದಲ್ಲ?"

"ನಿಮ್ಮ ಒಲಿಯ ತೂತಿನ್ಯಾಗ ಖಂಡೇನವಮಿ ಚೆಂಡುಹೂ ಇನ್ನೂ ಅದಾವ. ವಿಭೂತಿನೂ ಅಳಿಸಿಲ್ಲ. ಎರಡು ಹೊತ್ತು ಉರಿ ಹತ್ತಿದ್ರ ಹ್ಯಾಂಗ ಉಳದ್ವು?"

ಶಾಂತಲಿಂಗಪ್ಪನ ಮುಖ ಬಿಗಿಯಿತು. "ಅಡಿಗಿಮನಿಯೊಳಗ ನಿನ್ನ ಯಾರು ಬಿಟ್ರು?"

"ಯಾರೂ ಬಿಡಲಿಲ್ರಿ. ಅದಕ್ಕ ಒಲಿನ ಹೊರಗ ಬಂತು."

ಗೊಲ್ಲಾಳಪ್ಪ ಗೊಳ್ಳನೆ ನಕ್ಕು, ನಕ್ಕದ್ದಕ್ಕೆ ತಾನೇ ಹೆದರಿ, ಕಂಬಳಿಯಲ್ಲಿ ಬಾಯಿ ಮುಚ್ಚಿಕೊಂಡ.

ಸಾತಪ್ಪ ಅವನ ಕಡೆ ತಿರುಗಿದ. "ಅಜ್ಜಾ, ಇಲ್ಲಿ ಕುರಿ ಯಾವಾಗ ಕೂಡಿಸ್ದಿ?"

ಸುಗ್ಗಿಯಾದ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ಕೂಡಿಸುವುದು, ರಾತ್ರಿಗಿಷ್ಟು ಜೋಳವೆಂದು ಕುರಿಗಾರನಿಗೆ ಕೊಡುವುದು ಆ ಕಡೆಯ ನಡಾವಳಿ. ಗೊಲ್ಲಾಳಪ್ಪ ಬೆರಳು ಮಡಚಿ ಎಣಿಸಿದ.

"ಗೌಂಡಿ ಹೆಣ ತಗದ ಮರುದಿನದಿಂದ್ರಿ. ಆರು ರಾತ್ರಿ. ಹೊಲದಾಗ ಬಿಡಲಿಲ್ಲ, ಹಿಕ್ಕಿ ಎಲ್ಲಾ ಬಳದು ಬಳದು ಈ ಗುಂಡಿಗೆ ಸುರವಿಸಿದ್ರು. ಅಲ್ರಿ, ಒಣಾ ಗುಂಡಿಗೆ ಯಾಕ ಗೊಬ್ಬರ ಹಾಕ್ತೀರಿ, ಇಲ್ಲೇನು ಬೆಳೀತದ ಅಂತ ಕೇಳ್ದೆ ನಾ. ರಾಚಪ್ಪ ಬೈದ. ಆರು ರಾತ್ರಿಗೆ ಆರು ಪಾಯಲಿ ಜೋಳ ಅಂದಿದ್ರು. ಒಂದ ಕಾಳು ಕೊಟ್ಟಿಲ್ಲ."

"ಒಣಾ ಗುಂಡಿ," ಎಂದ ಸಾತಪ್ಪ. "ನಿಮ್ಮ ಮನ್ಯಾಗ ಎಂಟು ದನ. ಎಂಟು ದನದ ಸಗಣಿಯಿಂದ ಈ ಗುಂಡಿ ತುಂಬಲಿಕ್ಕ ಐವತ್ತು ದಿನ ಬೇಕು. ನಿಮಗ ಆರು ದಿನದಾಗ ತುಂಬಬೇಕಿತ್ತು, ಅದಕ್ಕ ಕುರಿ ಕರಸಿದ್ರಿ. ಕುರಿಗಾರ ಕೂಡಿಸಿದ್ದು ಹೆಣ ತಗದ ಮ್ಯಾಲ. ಗ್ಯಾಸ್ ಇತ್ತಂದ್ರ ಗುಂಡಿ ತುಂಬ ಸಗಣಿ ಇರಬೇಕಿತ್ತು, ಹೆಣಕ್ಕ ಮೆತ್ತಿರಬೇಕಿತ್ತು. ನೀರು ಹಾಕಿದಾಕಿ ಬರೇ ಸಿಮೀಟು ತೊಳದಾಳ. ಗ್ಯಾಸ್ ಇದ್ದಿಲ್ಲಂದ್ರ ನೀವು ತಗೊಂಡ ಸಹಾಯಧನ ಸುಳ್ಳು, ಫೌಜದಾರ ಬರದ ಸಾವೂ ಸುಳ್ಳು. ಎರಡ್ರಾಗ ಯಾವುದು ಬರೀಲಿ? ಒಂದಕ್ಕ ದಂಡ ಅದ. ಇನ್ನೊಂದಕ್ಕ ಫಾಶಿ ಅದ."

ರಾಚಪ್ಪನ ಮುಖದ ಬಣ್ಣ ಇಳಿಯಿತು. ಸಾವಕಾರನದು ಇಳಿಯಲಿಲ್ಲ. ಅವನು ಎದ್ದು ಎಲೆ ಉಗುಳಿ ಬಾಯಿ ಒರೆಸಿಕೊಂಡ.

"ಏ ಸಾತ್ಯಾ," ಎಂದ, ತೀರ ಮೆಲ್ಲಗೆ. ಸಾಹೇಬತನವೆಲ್ಲ ಉಗುಳಿದ ಎಲೆಯ ಜೊತೆಗೆ ಹೋಗಿತ್ತು. "ನಿಮ್ಮಪ್ಪ ಸಾಯೋತನಕ ಈ ಕಟ್ಟಿ ಮ್ಯಾಲ ಕುಂತಿದ್ದಿಲ್ಲ. ನೀ ಕುಂತಿ. ಕೂಡು. ಕುಂತ ಓದು."

ಒಳಗೆ ಹೋಗಿ ಒಂದು ಕಾಗದ ತಂದು ಅವನ ಮಡಿಲಿಗೆ ಎಸೆದ. ಕೈ ತಗಲದಂತೆ ಎಸೆಯುವುದು ಅವನಿಗೂ ರೂಢಿ.

"ಗಟ್ಟಿಯಾಗಿ ಓದು. ಅಜ್ಜನೂ ಕೇಳ್ಲಿ."

ಮರಾಠಿಯ ಸರಕಾರಿ ಕಾಗದ. ಮೌಜೆ ಕರಜಗಿ, ಶಾಂತಲಿಂಗಪ್ಪನ ಹೆಸರು, ಮೂರು ಘನ ಮೀಟರಿನ ಸ್ಥಾವರ. ದಿನಾಂಕ ೧೨ ನವೆಂಬರ್ ೧೯೭೫ರಂದು ಸ್ಥಳಕ್ಕೆ ಖುದ್ದು ಹೋಗಿ ಪರಿಶೀಲಿಸಲಾಗಿದೆ. ಗ್ಯಾಸು ಉತ್ಪತ್ತಿ: ತೃಪ್ತಿಕರ. ಜ್ವಾಲೆಯ ಬಣ್ಣ: ನೀಲಿ.

ಕೆಳಗೆ ಸಹಿ. ಕೊನೆಯ ಅಕ್ಷರದ ಬಾಲವನ್ನು ಎಡಕ್ಕೆ ಎಳೆದು ಎರಡು ಚುಕ್ಕಿ ಇಡುವ ಸಹಿ. ಹಾಗೆ ಸಹಿ ಮಾಡುವವನು ಕಚೇರಿಯಲ್ಲಿ ಒಬ್ಬನೇ ಇದ್ದ, ಅವನು ಬೇವಿನ ಕಟ್ಟೆಯ ಮೇಲೆ ಕೂತಿದ್ದ.

ಬೋರಾಮಣಿಯ ಕಟ್ಟಿನಲ್ಲಿ ಕರಜಗಿಯ ಕಾಗದವೂ ಇತ್ತು. ಚಹಾ ಆರುವುದರೊಳಗೆ ಅದಕ್ಕೂ ಸಹಿ ಬಿದ್ದಿತ್ತು.

"ಯಾಕ, ಬಾಯಿ ಬಿದ್ದು ಹೋತು?" ಎಂದ ಶಾಂತಲಿಂಗಪ್ಪ. "ನೀಲಿ ಉರಿ ಕಣ್ಣಾರೆ ಕಂಡವ ನೀನ. ಈಗ ನೀ ಹೇಳು. ನಿನ್ನ ಸಹಿ ಖರೇ ಅಂದ್ರ ಗೌಂಡಿ ಗ್ಯಾಸಿಗೆ ಸತ್ತ. ಸುಳ್ಳು ಅಂದ್ರ ಸರಕಾರದ ರೊಕ್ಕ ನುಂಗಿದವರ ಯಾದಿಯೊಳಗ ಮೊದಲನೇ ಹೆಸರು ನಿಂದು. ನಂದು ಬಿಡು, ನಾ ದಂಡ ಕಟ್ಟಿ ಮಜ್ಜಿಗಿ ಕುಡದು ಮಲಗ್ತೀನಿ. ನೀ ಏನ್ ಕಟ್ತಿ? ಪಗಾರ ಎಷ್ಟು ನಿಂದು?"

ಉತ್ತರಕ್ಕೂ ಕಾಯದೆ ರಾಚಪ್ಪನತ್ತ ತಿರುಗಿದ.

"ಅಜ್ಜಗ ಜೋಳ ಅಳದು ಹಾಕು. ಆರಲ್ಲ, ಹನ್ನೆರಡು ಪಾಯಲಿ. ಪಾಪ, ಎಷ್ಟು ಸಲ ಬರ್ತದ ಮುದಕ."

ಗೊಲ್ಲಾಳಪ್ಪ ಕಂಬಳಿ ಹಾಸಿದ. ರಾಚಪ್ಪ ಪಾಯಲಿ ತುಂಬಿ ತುಂಬಿ ಸುರಿದ. "ಲಾಭಾ… ಎರಡು… ಮೂರು…" ಮೊದಲ ಪಾಯಲಿಗೆ ಒಂದೆನ್ನದೆ ಲಾಭವೆನ್ನುವ ವಾಡಿಕೆ ಅಂದು ಯಾರ ಲಾಭವೆಂದು ಹೇಳದೆ ನಡೆಯಿತು. ಹನ್ನೆರಡು ಆದ ಮೇಲೆ ಮುದುಕ ಕಂಬಳಿಯ ನಾಲ್ಕು ಮೂಲೆ ಕೂಡಿಸಿ ಗಂಟು ಹಾಕಿದ. ತಲೆ ಎತ್ತಲಿಲ್ಲ.

"ಅಜ್ಜಾ, ಕುರಿ ಎಂದು ಕೂಡಿಸಿದ್ದಿ?" ಸಾವಕಾರ ಕೇಳಿದ.

"ದೀಪಾವಳಿ ಮುಂದ ಇರಬೇಕ್ರಿ ಯಪ್ಪಾ. ಅಡಿವ್ಯಾಗ ಇರೋ ಮಂದಿ ನಾವು. ನಮಗ ದಿನ ನೆನಪಿರ್ತಾವೇನು?"

ಗಂಟು ಹೊತ್ತುಕೊಂಡು ಸಾತಪ್ಪನ ಮುಂದೆಯೇ ಹಾದುಹೋದ. ಹಾದುಹೋಗುವಾಗ ಅವನ ಕಣ್ಣಲ್ಲಿ ನೀರಿತ್ತು. ಆದರೆ ಹೆಜ್ಜೆ ನಿಲ್ಲಲಿಲ್ಲ.

"ನಾ ಪೂಜಿ ಮುಗಿಸಿ ಬರೂದ್ರಾಗ ಫಾರ್ಮು ಬರದಿಡು," ಎಂದ ಶಾಂತಲಿಂಗಪ್ಪ. "ಜ್ವಾಲೆ ನೀಲಿ ಅಂತ ಬರಿ. ಅಣ್ಣಾರಾಯ ಸಾಹೇಬರು ಊಟಕ್ಕ ಬರ್ತಾರ, ಅಲ್ಲೇ ಅವರೂ ಸಹಿ ಮಾಡ್ತಾರ." ಎಸೆದ ಕಾಗದವನ್ನು ರಾಚಪ್ಪನ ಕೈಯಿಂದ ಎತ್ತಿಸಿ, ಮಡಿಸಿ, ಕಿಸೆಗಿಟ್ಟುಕೊಂಡ.

ಅಷ್ಟರೊಳಗೆ ಸಾತಪ್ಪ ಒಂದನ್ನು ನೋಡಿದ್ದ. ಅದು ನಕಲಲ್ಲ. ಅಂಚಿನಲ್ಲಿ ದಾರ ಪೋಣಿಸಿದ ಎರಡು ತೂತು, ಒಂದು ತೂತಿನಲ್ಲಿ ಇನ್ನೂ ಕೆಂಪು ದಾರದ ಎಳೆ. ಕಚೇರಿಯ ಬೀರುವಿನಲ್ಲಿ ಇರಬೇಕಾದ ಅಸಲು ಕಾಗದ. ಆ ಬೀರುವಿನ ಕೀಲಿ ಇರುವುದು ಒಬ್ಬನ ಜನಿವಾರದಲ್ಲಿ, ಹೆಡ್ ಸಾಹೇಬ ಅಣ್ಣಾರಾಯನದರಲ್ಲಿ.

ಬಿಸಿಲೇರಿ ನೆಲ ಬಿಗಿದಿತ್ತು. ಹೊಲದ ಕೆಲಸ ನಿಂತು ಹೆಂಗಸರು ತಮ್ಮ ಕೂಲಿಯ ಸೂಡು ಕಟ್ಟಿಕೊಳ್ಳುತ್ತಿದ್ದರು. ರಖಮಾಬಾಯಿ ಬೇವಿನ ನೆರಳಿನ ಅಂಚಿಗೆ ಬಂದು ನಿಂತಳು.

"ಏನ್ ಬರದಿ?"

ಸಾತಪ್ಪ ಖಾಲಿ ಫಾರ್ಮು ತೋರಿಸಿದ. "ವೈನಿ, ಈ ಗುಂಡಿಯೊಳಗ ಗ್ಯಾಸ್ ಅದ ಅಂತ ಮೊದಲ ಬರದವ… ಆ ಸಹಿ ನಂದ ಅದ."

"ಗೊತ್ತು," ಎಂದಳು ಅವಳು.

ಅವನು ತಲೆ ಎತ್ತಿದ.

"ನನ್ನ ಗಂಡಗೂ ಗೊತ್ತಿತ್ತು. ರಾಚಪ್ಪ ಕುಡದು ಬಡಾಯಿ ಕೊಚ್ಚಿದ್ದ, ನಿಮ್ಮ ಮನುಷ್ಯಾನ ಸಹಿ ಮಾಡ್ಯಾನ ಅಂತ. ಮರುದಿನನ ಸೋಲಾಪುರಕ್ಕ ಹ್ವಾದ, ನಿನ್ನ ಕಡಿ. ಹುಡುಗ ಸಿಕ್ಕೊಂಡಾನ, ಬೇರೆಯವರು ಹೇಳೋ ಮೊದ್ಲ ಅಂವನ ತಿದ್ಲಿ ಅಂತ. ನೀ ಕೆಲಸದ ಮ್ಯಾಲ ಭಂಡಾರಕವಠೆಗೆ ಹೋಗಿದ್ದಿ ಅಂತ, ಸಿಗಲಿಲ್ಲ. ನಿಮ್ಮ ದೊಡ್ಡ ಸಾಹೇಬರ ಮುಂದ ಎಲ್ಲಾ ಹೇಳಿ ಬಂದೆ, ಬರೋಬರಿ ಮಾಡ್ತೀನಂದ್ರು ಅಂದ. ಹೊಟ್ಟಿ ತುಂಬ ಉಂಡು ಮಲಗಿದ ಆವತ್ತ. ಮುಂಜಾನೆ ಎದ್ದಾಗ ರಾಚಪ್ಪ ಬಾಗಿಲಕ್ಕ ನಿಂತಿದ್ದ. ಗುಂಡಿಗೆ ಸಿಮೀಟಿನ ಗಿಲಾವ್ ಮಾಡೂದದ, ಬಾ ಅಂತ."

"ಇಷ್ಟು ದಿನ ನನಗ ಯಾಕ ಹೇಳಲಿಲ್ಲ?"

"ನೀ ಯಾವ ಮುಖ ಹೊತ್ತು ಬರ್ತಿ ನೋಡೋಣು ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಾತಪ್ಪನಿಗೆ ಸುಲಭವಾಗುತ್ತಿತ್ತು. ಬೆಳಗಿನಿಂದ ಅವನು ಸಾವಕಾರನನ್ನು, ಕಾರಭಾರಿಯನ್ನು, ಹನ್ನೆರಡು ಪಾಯಲಿಗೆ ಬಾಯಿ ಮುಚ್ಚಿದ ಮುದುಕನನ್ನು ಒಬ್ಬೊಬ್ಬರನ್ನಾಗಿ ತೂಗಿ ಕೀಳೆಂದು ಬದಿಗಿಟ್ಟಿದ್ದ. ಮುದುಕ ಜೋಳಕ್ಕೆ ಬಾಯಿ ಮುಚ್ಚಿದ. ತಾನು ಒಂದು ಕಪ್ಪು ಚಹಾಕ್ಕೆ ಕಣ್ಣು ಮುಚ್ಚಿದ್ದ.

ಚೀಲದಿಂದ ಕಾರ್ಬನ್ ಹಾಳೆ ತೆಗೆದ. ಎರಡು ಫಾರ್ಮುಗಳ ನಡುವೆ ಇಟ್ಟು, ಒತ್ತಿ ಬರೆದ. ಗ್ಯಾಸು ಉತ್ಪತ್ತಿ: ಎಂದೂ ಆಗಿಲ್ಲ. ಗುಂಡಿ ತುಂಬಿದ್ದು: ಗೌಂಡಿಯ ಸಾವಿನ ನಂತರ, ಕುರಿಹಿಕ್ಕೆಯಿಂದ. ಒಲೆಗೆ ಕೊಳವೆ ಇಲ್ಲ. ಜ್ವಾಲೆಯ ಬಣ್ಣ ಎಂಬಲ್ಲಿ ಹೀಗೆ ಬರೆದ: ಹಿಂದಿನ ವರದಿಯಲ್ಲಿ ನೀಲಿ ಎಂದಿರುವುದು ಸುಳ್ಳು. ನಾನು ಸ್ಥಳಕ್ಕೆ ಹೋಗಿರಲಿಲ್ಲ. ಆ ಸಹಿ ನನ್ನದು. ಅಂಚಿನಲ್ಲಿ, ಕಾಲಂ ಇಲ್ಲದ ಜಾಗದಲ್ಲಿ, ಎರಡು ಮೈಲಿಯ ಕಟ್ಟಿಗೆಯನ್ನೂ ಬರೆದ. ಕೆಳಗೆ ಸಹಿ ಮಾಡಿದ, ಬಾಲ ಎಡಕ್ಕೆ, ಎರಡು ಚುಕ್ಕಿ.

ಕಾರ್ಬನ್ ಪ್ರತಿಯಲ್ಲಿ ಚೆಂಡುಹೂವಿನ ಎಸಳು ಇಟ್ಟು ಮಡಿಸಿ ಅವಳಿಗೆ ಕೊಟ್ಟ.

"ಇದು ನಮ್ಮ ಆಫೀಸಿನವರ ಕೈಗೆ ಹೋಗಬಾರದು. ಅಕ್ಕಲಕೋಟಿ ಕೋರ್ಟಿನ್ಯಾಗ ಒಬ್ಬ ವಕೀಲ ಅದಾನ, ಸಂಜೀ ಬಸ್ಸಿಗೆ ಇಬ್ಬರೂ ಹೋಗೂಣು. ಅಲ್ಲಿತನಕ ನಿನ್ನ ಕಡೆ ಇರ್ಲಿ."

ರಖಮಾಬಾಯಿ ಕಾಗದವನ್ನು ತಿರುವಿ ನೋಡಿದಳು. ಓದಲು ಬರುತ್ತಿರಲಿಲ್ಲ. ಆದರೂ ಸಹಿ ಇರುವ ಜಾಗದ ಮೇಲೆ ಬೆರಳಿಟ್ಟಳು.

"ನೌಕರಿ ಹೋಗ್ತದೇನು?"

"ಹೋಗ್ತದ. ಜೇಲೂ ಆಗಬಹುದು."

ಅವಳು ಸೂಡಿನ ನಡುವಿನ ದಂಟು ಸರಿಸಿ, ಕಾಗದ ಒಳಗಿಟ್ಟು, ಹುರಿ ಬಿಗಿದು ಗಂಟು ಹಾಕಿದಳು.

"ಬಸ್ಸಿನ ಪಾಸಿನ ಬಾಕಿ ಮುಟ್ಟಿತು ನೋಡು, ಸಾತಪ್ಪಾ," ಎಂದು ಸೂಡನ್ನು ತಲೆಗೇರಿಸಿಕೊಂಡಳು.

ಅವಳು ಹೆಂಗಸರ ಸಾಲು ಸೇರುವುದರೊಳಗೆ ಜೀಪು ಬಂತು. ಅಣ್ಣಾರಾಯ ಇಳಿದು, ಧೂಳು ಕೊಡವಿ, ನಗುತ್ತ ಬೇವಿನ ಕೆಳಗೆ ಬಂದ. ಕೈ ಚಾಚಿದ. ಸಾತಪ್ಪ ಫಾರ್ಮು ಕೊಟ್ಟ.

ಅಣ್ಣಾರಾಯ ನಿಂತಲ್ಲೇ ಓದಿದ. ಎರಡನೆಯ ಸಲವೂ ಓದಿದ. ನಗು ಮಾಸಲಿಲ್ಲ. ಕಾಗದ ತಿರುವಿ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದ. ಒತ್ತಿ ಬರೆದ ಅಕ್ಷರ ಬೆರಳಿಗೆ ಎದ್ದು ಸಿಗುತ್ತಿತ್ತು.

"ಭಾಳ ಒತ್ತಿ ಬರದೀಯಲ್ಲೋ ಬನಸೋಡೆ. ಇನ್ನೊಂದು ಪ್ರತಿ ಎಲ್ಲದ?"

ಸಾತಪ್ಪನಿಗೆ ಕಣ್ಣನ್ನು ಹಿಡಿದಿಡಲಾಗಲಿಲ್ಲ, ಅದು ಗೇಟಿನ ಕಡೆ ಹೋಯಿತು. ಅಣ್ಣಾರಾಯನ ಕಣ್ಣೂ ಅದರ ಹಿಂದೆಯೇ ಹೋಯಿತು.

ಗೇಟಿನಲ್ಲಿ ದಿನದಂತೆ ರಾಚಪ್ಪ ನಿಂತಿದ್ದ. ಕೂಲಿಗಿಂತ ಹೆಚ್ಚು ತೆನೆ ಒಯ್ಯುತ್ತಾರೋ ಎಂದು ದಿನಾ ಮೇಲಿಂದ ನೋಡಿ ಬಿಡುವವನು ಇವತ್ತು ಒಬ್ಬೊಬ್ಬಳ ಸೂಡನ್ನೂ ಇಳಿಸಿ, ಬಿಚ್ಚಿ, ಕೈಯಾಡಿಸಿ ನೋಡುತ್ತಿದ್ದ. ಮುಂದಿನ ಇಬ್ಬರು ದಾಟಿದ್ದರು.

"ಯಾಕ ರಖಮವ್ವ," ಎಂದ ರಾಚಪ್ಪ, ಗಂಟಿಗೆ ಕೈಹಾಕುತ್ತ, "ಇವತ್ತ ಸೂಡು ಇಷ್ಟು ಬಿಗದು ಕಟ್ಟೀದಿ?"